‘ನನ್ನಿಂದಲೇ ಹೀಗಾಯ್ತು’: ಮನೆಯೊಳಗಿನ ಹಿಂಸೆ, ಮಕ್ಕಳ ಆತ್ಮಗೌರವ ಮತ್ತು ಖಿನ್ನತೆ

(ಹೈಸ್ಕೂಲು ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗನಿಂದ ಶುರು ಮಾಡೋಣ. ನಿಮ್ಮೆಲ್ಲರ ತರಗತಿಯಲ್ಲೂ ಅಂಥವನೊಬ್ಬ ಇರುತ್ತಾನೆ. ರಾತ್ರಿಯೆಲ್ಲ ಮೊಬೈಲು ನೋಡಿರಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಇನ್ನೊಂದು ರಾತ್ರಿಯನ್ನೂ ಊಹಿಸಿಕೊಳ್ಳಿ. ಒಂಬತ್ತಕ್ಕೆ ಉಂಡು ಚಾಪೆ ಹಾಸಿಕೊಂಡಿದ್ದಾನೆ. ಕಣ್ಣು ಮುಚ್ಚಿದೆ, ಕಿವಿ ಮಾತ್ರ ಹೊರಗಿದೆ. ಅಪ್ಪನ ಬೈಕು ಬೀದಿಯ ತಿರುವಿಗೆ ಬಂದದ್ದು ಅವನಿಗೆ ಗೊತ್ತಾಗುತ್ತದೆ. ಸ್ಟ್ಯಾಂಡ್ ಒಂದೇ ಸಲಕ್ಕೆ ಬಿದ್ದರೆ ಇವತ್ತು ಪರವಾಗಿಲ್ಲ. ಎರಡು ಮೂರು ಸಲ ಕಾಲು ಜಾರಿ ಬಿದ್ದರೆ ಕುಡಿದಿದ್ದಾರೆ. ಆಮೇಲೆ ಚಿಲಕದ ಸದ್ದು, ಅಡುಗೆಮನೆಯಲ್ಲಿ ಅಮ್ಮ ತಟ್ಟೆ ಇಡುವ ಸದ್ದು. ಅವನು ತಂಗಿಯ ಹೊದಿಕೆಯನ್ನು ಕಿವಿಯವರೆಗೆ ಎಳೆದು ಕಾಯುತ್ತಾನೆ. ಅವತ್ತು ಏನೂ ಆಗದೆ ಇರಬಹುದು. ಆದರೂ ಹನ್ನೆರಡರವರೆಗೆ ನಿದ್ದೆ ಬರುವುದಿಲ್ಲ.

ಇಂಥ ಮನೆಗಳಲ್ಲಿ ಹೊಡೆತ ಬಿದ್ದ ರಾತ್ರಿಗಳಿಗಿಂತ ಹೊಡೆತಕ್ಕೆ ಕಾದ ರಾತ್ರಿಗಳೇ ಹೆಚ್ಚು. ಕಾಯುವಾಗಲೂ ದೇಹ ಸುಮ್ಮನಿರುವುದಿಲ್ಲ. ಅಪಾಯ ಬಂದಾಗ ಏಳಬೇಕಾದ ಕಾರ್ಟಿಸಾಲ್‌ನಂಥ ರಸಗಳು ದಿನದಿನವೂ ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತವೆ. ನಿದ್ದೆ ಕೆಡುತ್ತದೆ, ಗಮನ ನಿಲ್ಲುವುದಿಲ್ಲ, ಸಣ್ಣ ಸದ್ದಿಗೂ ಎದೆ ಹಾರುತ್ತದೆ. ಬೆಳಿಗ್ಗೆ ನೀವು ಡಸ್ಟರ್‌ನಿಂದ ಮೇಜು ಕುಟ್ಟಿದಾಗ ಎಲ್ಲರಿಗಿಂತ ಮೊದಲು ಬೆಚ್ಚುವವನೂ ಅವನೇ.

ಮನೆಯ ಹಿಂಸೆ ಅಂದಾಗ ಮಗುವಿನ ಮೈಮೇಲಿನ ಬಾಸುಂಡೆಯನ್ನಷ್ಟೇ ಹುಡುಕಬೇಡಿ. ಅಮ್ಮನಿಗೆ ಬೀಳುವ ಹೊಡೆತವನ್ನು ನೋಡುವುದು, ಗೋಡೆಯಾಚೆಯಿಂದ ಕೇಳಿಸಿಕೊಳ್ಳುವುದು, ಮರುದಿನ ಅಮ್ಮನ ಮುಖ ನೋಡುವುದು, ಇವೆಲ್ಲವೂ ಅದರೊಳಗೇ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರ ಪೈಕಿ ಕರ್ನಾಟಕದಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಹಿಂಸೆಯೇ ಅಷ್ಟು ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬುದು ಬೇರೆ ಚರ್ಚೆ. ಆ ಮನೆಗಳಲ್ಲಿ ಮಕ್ಕಳೂ ಇದ್ದಾರೆ, ಅವರಲ್ಲಿ ಹಲವರು ನಿಮ್ಮ ಹಾಜರಿ ಪುಸ್ತಕದಲ್ಲಿದ್ದಾರೆ ಎಂಬುದು ನಮಗೆ ಇವತ್ತು ಮುಖ್ಯ.

ಇನ್ನೊಂದು ಬಗೆಯ ಹಿಂಸೆಗೆ ನಮ್ಮಲ್ಲಿ ಹೆಸರೇ ಇಲ್ಲ, ‘ಬೈಯುವುದು’ ಅಂತ ಬಿಟ್ಟುಬಿಡುತ್ತೇವೆ. ‘ದಂಡಪಿಂಡ’, ‘ಭೂಮಿಗೆ ಭಾರ’, ‘ನೀನು ಹುಟ್ಟಿದ ಮೇಲೇ ಈ ಮನೆ ಹಾಳಾಗಿದ್ದು’. ‘ಲೆಕ್ಕ ಯಾಕೋ ತಪ್ಪು ಮಾಡಿದೆ’ ಅನ್ನುವುದೂ ಬೈಗುಳವೇ, ಆದರೆ ಅದು ಮಾಡಿದ ಕೆಲಸದ ಬಗ್ಗೆ. ‘ನೀನು ಹುಟ್ಟಿದ್ದೇ ತಪ್ಪು’ ಎಂಬುದು ಇರುವಿಕೆಯ ಬಗ್ಗೆ. ಮೊದಲನೆಯದನ್ನು ತಿದ್ದಿಕೊಳ್ಳಬಹುದು, ಎರಡನೆಯದನ್ನು ಮಗು ತಿದ್ದಿಕೊಳ್ಳುವುದು ಹೇಗೆ?

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಡೆತ, ಲೈಂಗಿಕ ಕಿರುಕುಳ, ಚುಚ್ಚುಮಾತು, ತಾಯಿಯ ಮೇಲಿನ ಹಿಂಸೆಯನ್ನು ಕಂಡದ್ದು, ಮನೆಯಲ್ಲಿ ಕುಡಿತ, ಹೀಗೆ ಒಟ್ಟು 7 ಬಗೆಯ ಕಹಿ ಅನುಭವಗಳು. ಇವುಗಳಲ್ಲಿ ಒಂದೂ ಇಲ್ಲದವರಿಗೆ ಹೋಲಿಸಿದರೆ, ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಸಂಬಂಧ ಇರುವುದು ಖಚಿತ. ಆದರೆ ಅಂಥ ಮನೆಯಲ್ಲಿ ಬೆಳೆದವರಿಗೆಲ್ಲ ಖಿನ್ನತೆ ಬರುವುದಿಲ್ಲ. ಒಂದೇ ಮನೆಯ ಅಣ್ಣ ಮುರುಟಿಹೋಗಿರುತ್ತಾನೆ, ತಮ್ಮ ಹೇಗೋ ತಲೆಯೆತ್ತಿ ನಿಂತಿರುತ್ತಾನೆ. ನಡುವೆ ಏನೋ ಒಂದು ಇದೆ.

ಆ ನಡುವಿನದ್ದೇ ನನ್ನ ವಿಷಯ.

ಜಾನ್ ಗ್ರಿಚ್ ಮತ್ತು ಫ್ರಾಂಕ್ ಫಿಂಚಮ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಒಂದು ವಿವರಣೆ ಮುಂದಿಟ್ಟರು. ಅಪ್ಪ ಅಮ್ಮ ಜಗಳವಾಡುವಾಗ ಮಗು ಸುಮ್ಮನೆ ನೋಡುತ್ತಿರುವುದಿಲ್ಲ, ಅರ್ಥ ಹುಡುಕುತ್ತಿರುತ್ತದೆ. ನನಗೇನು ಆಗಬಹುದು? ಇದು ಯಾಕಾಯಿತು, ಯಾರಿಂದ ಆಯಿತು? ನಾನೇನು ಮಾಡಲಿ? ಈ ಪೈಕಿ ‘ಯಾರಿಂದ’ ಎಂಬ ಪ್ರಶ್ನೆಗೆ ಮಕ್ಕಳು ತಮಗೆ ತಾವೇ ಕೊಟ್ಟುಕೊಳ್ಳುವ ಉತ್ತರ ಅನೇಕ ಸಲ ಒಂದೇ: ನನ್ನಿಂದ. ನನ್ನ ಫೀಸಿನ ಮಾತು ಬಂತು, ಅದಕ್ಕೇ ಜಗಳ ಆಯ್ತು. ನಾನು ಮಾರ್ಕ್ಸ್ ಕಾರ್ಡ್ ತೋರಿಸಬಾರದಿತ್ತು. ನಾನು ಹೆಣ್ಣಾಗಿ ಹುಟ್ಟಬಾರದಿತ್ತು.

ಹೊರಗಿನಿಂದ ನೋಡಿದರೆ ಇದು ವಿಚಿತ್ರ. ಹೊಡೆದವನು ಕಣ್ಣೆದುರಿಗೇ ಇದ್ದಾನೆ, ಮಗು ತನ್ನನ್ನೇ ದೂರಿಕೊಳ್ಳುತ್ತದೆ. ಆದರೆ ಮಗುವಿನ ಜಾಗದಲ್ಲಿ ನಿಂತು ನೋಡಿ. ಅನ್ನ ಹಾಕುವವರು, ತಲೆ ಮೇಲೆ ಸೂರು ಕೊಟ್ಟವರು ಅವರೇ. ಅವರೇ ಕೆಟ್ಟವರು ಅಂತ ಒಪ್ಪಿಕೊಂಡರೆ ಮಗುವಿಗೆ ಹೋಗಲು ಬೇರೆ ಜಾಗವಿಲ್ಲ. ತಪ್ಪು ನನ್ನದು ಅಂದುಕೊಂಡರೆ ಒಂದು ದಾರಿಯಾದರೂ ಉಳಿಯುತ್ತದೆ: ನಾನು ಒಳ್ಳೆಯವನಾದರೆ, ಸದ್ದು ಮಾಡದಿದ್ದರೆ, ಇನ್ನೂ ಚೆನ್ನಾಗಿ ಓದಿದರೆ ಇದು ನಿಲ್ಲಬಹುದು. ಅದು ಆಸೆ. ಆ ಆಸೆಗೆ ಮಗು ತೆರುವ ಬೆಲೆ ದೊಡ್ಡದು. ಎಷ್ಟು ಒಳ್ಳೆಯವನಾದರೂ ಹೊಡೆತ ನಿಲ್ಲುವುದಿಲ್ಲ, ಹಾಗಾದರೆ ನಾನು ಸಾಕಾಗುತ್ತಿಲ್ಲ ಎಂಬ ತೀರ್ಮಾನಕ್ಕೆ ಮಗು ಬಂದು ನಿಲ್ಲುತ್ತದೆ.

ಹನ್ನೆರಡರಿಂದ ಹದಿನಾರರ ನಡುವೆ ಇದು ಯಾಕೆ ಗಟ್ಟಿಯಾಗುತ್ತದೆ? ಅದು ‘ನಾನು ಎಂಥವನು’ ಎಂಬ ಪ್ರಶ್ನೆ ಏಳುವ ವಯಸ್ಸು. ಗೆಳೆಯನ ಮನೆಗೆ ಹೋಗುತ್ತಾನೆ, ಅಲ್ಲಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಅವನು ಹೋಲಿಸುತ್ತಾನೆ. ತನ್ನ ಮನೆಗೆ ಗೆಳೆಯನನ್ನು ಕರೆಯುವಂತಿಲ್ಲ ಎಂದು ನಾಚುತ್ತಾನೆ. ಎಂಟು ವರ್ಷದಲ್ಲಿ ‘ಅಪ್ಪ ಬೈದರು’ ಎಂಬ ಘಟನೆಯಾಗಿದ್ದದ್ದು ಹದಿನಾಲ್ಕರಲ್ಲಿ ‘ನಾನೇ ಹೀಗೆ’ ಎಂಬ ಸಿದ್ಧಾಂತವಾಗುತ್ತದೆ.

ಪದದ ವಿಚಾರಕ್ಕೆ ಸ್ವಲ್ಪ ಹೊರಳುತ್ತೇನೆ. ಸ್ವಾಭಿಮಾನ ಎಂದರೆ ಯಾರ ಮುಂದೂ ಕೈಚಾಚದೆ ಬದುಕುವುದು ಎಂಬ ಅರ್ಥ ನಮ್ಮಲ್ಲಿ ಬಲವಾಗಿದೆ. ಹೊಡೆಯುವ ಅಪ್ಪನಿಗೂ ಅಂಥ ಸ್ವಾಭಿಮಾನ ಬೇಕಾದಷ್ಟಿರಬಹುದು. ಇಲ್ಲಿ ನಾವು ಹೇಳುತ್ತಿರುವುದು ಅದಲ್ಲ. ತನ್ನ ಬಗ್ಗೆ ತಾನು ಇಟ್ಟುಕೊಂಡ ಬೆಲೆ, ‘ನಾನೂ ಒಂದು ಲೆಕ್ಕಕ್ಕೆ ಬರುವ ಜೀವ’ ಎಂಬ ನಂಬಿಕೆ. ಅದಕ್ಕೆ ಆತ್ಮಗೌರವ ಎಂಬ ಪದ ಬಳಸುತ್ತೇನೆ. ಅದು ಕುಸಿದ ಸ್ಥಿತಿಗೆ ನಮ್ಮಲ್ಲಿ ಆಗಲೇ ಒಳ್ಳೆಯ ಮಾತಿದೆ, ಕೀಳರಿಮೆ.

ಇದನ್ನು ಅಳೆಯಲು ಜಗತ್ತಿನಾದ್ಯಂತ ಹೆಚ್ಚು ಬಳಸಿರುವುದು ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜವಿಜ್ಞಾನಿ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಮಕ್ಕಳ ಮೇಲೆ ನಡೆಸಿ 1965ರಲ್ಲಿ ಪ್ರಕಟಿಸಿದ ಮಾಪಕ. ಹತ್ತು ವಾಕ್ಯಗಳು, ಐದು ಒಳ್ಳೆಯ ದಿಕ್ಕಿನವು, ಐದು ಕೆಟ್ಟ ದಿಕ್ಕಿನವು, ಪ್ರತಿಯೊಂದಕ್ಕೂ ನಾಲ್ಕು ಉತ್ತರ. 30ಕ್ಕೆ ಅಂಕ ಹಾಕುವ ಪದ್ಧತಿಯಲ್ಲಿ 15ಕ್ಕಿಂತ ಕೆಳಗೆ ಬಂದರೆ ಕಡಿಮೆ ಎನ್ನುತ್ತಾರೆ. ಆದರೆ ನಮ್ಮ ಮಕ್ಕಳಿಗೆ ಹಾಗೆಯೇ ಕೊಟ್ಟು ಅಂಕ ನೋಡಿ ಗಾಬರಿಯಾಗಬೇಡಿ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತ ಮಗು, ‘ನನ್ನಲ್ಲಿ ಒಳ್ಳೆಯ ಗುಣಗಳಿವೆ’ ಎಂಬ ವಾಕ್ಯದ ಮುಂದೆ ಪೆನ್ನು ಹಿಡಿದು ಹಿಂಜರಿಯುವುದು ವಿನಯವೂ ಇರಬಹುದು. ಕೆಟ್ಟ ದಿಕ್ಕಿನ ವಾಕ್ಯಗಳನ್ನು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ರೀತಿ ಅರ್ಥಮಾಡಿಕೊಳ್ಳುತ್ತಾರೆ ಎಂದು 53 ದೇಶಗಳ ಅಧ್ಯಯನವೊಂದು 2005ರಲ್ಲೇ ತೋರಿಸಿದೆ.

ಸರಿ, ಆತ್ಮಗೌರವ ಕುಸಿದದ್ದರಿಂದ ಖಿನ್ನತೆ ಬರುತ್ತದೋ, ಖಿನ್ನತೆ ಬಂದದ್ದರಿಂದ ಆತ್ಮಗೌರವ ಕುಸಿಯುತ್ತದೋ? ಎರಡೂ ಆಗುತ್ತವೆ. ಆದರೆ ಒಂದೇ ಸಮ ಅಲ್ಲ. ಜೂಲಿಯಾ ಸೊವಿಸ್ಲೊ ಮತ್ತು ಉಲ್ರಿಚ್ ಓರ್ಥ್ ಎಂಬ ಸಂಶೋಧಕರು 2013ರಲ್ಲಿ, ಒಂದೇ ಜನರನ್ನು ಕಾಲಕಾಲಕ್ಕೆ ಮತ್ತೆ ಮತ್ತೆ ಅಳೆದ 77 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಕಡಿಮೆ ಆತ್ಮಗೌರವ ಮುಂದಿನ ಖಿನ್ನತೆಯ ಮೇಲೆ ಬೀರುವ ಪರಿಣಾಮ, ಖಿನ್ನತೆ ಮುಂದಿನ ಆತ್ಮಗೌರವದ ಮೇಲೆ ಬೀರುವ ಪರಿಣಾಮದ ಹೆಚ್ಚುಕಡಿಮೆ ಎರಡರಷ್ಟಿತ್ತು. ಎರಡರಷ್ಟು ಅಂದರೂ ಅದು ದೊಡ್ಡ ಪರಿಣಾಮವೇನಲ್ಲ. ವಂಶದಲ್ಲಿ ಬಂದದ್ದು, ಬಡತನ, ಶಾಲೆಯಲ್ಲಿ ಕಾಡಿಸುವವರು ಇವೆಲ್ಲ ಸೇರಿಕೊಳ್ಳುತ್ತವೆ. ಆದರೆ ಶಿಕ್ಷಕರ ಕೈಗೆ ಎಟುಕುವುದು ಯಾವುದು ಎಂದು ಕೇಳಿಕೊಂಡರೆ, ನನ್ನ ಮಟ್ಟಿಗೆ ಇದೇ.

ಹದಿಹರೆಯದ ಖಿನ್ನತೆ ನಾವು ಅಂದುಕೊಂಡ ಹಾಗೆ ಕಾಣಿಸುವುದಿಲ್ಲ. ದೊಡ್ಡವರಲ್ಲಾದರೆ ಸಪ್ಪೆ ಮುಖ, ಅಳು. ಮಕ್ಕಳಲ್ಲಿ ಅದು ಸಿಡುಕಾಗಿ ಬರಬಹುದು. ರೋಗ ಗುರುತಿಸುವ ನಿಯಮಗಳಲ್ಲೇ ಇದಿದೆ: ದೊಡ್ಡವರಿಗೆ ‘ದುಃಖದ ಮನಸ್ಸು’ ಎಂದಿರುವ ಕಡೆ ಮಕ್ಕಳಿಗೆ ‘ಸಿಡುಕು’ ಎಂದೂ ಎಣಿಸಬಹುದು. ಎದುರುತ್ತರ ಕೊಡುತ್ತಾನೆ, ಕೊಬ್ಬು ಬಂದಿದೆ ಅಂತ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುವ ಹುಡುಗನನ್ನು ಇನ್ನೊಮ್ಮೆ ನೋಡಿ. ಹುಡುಗಿಯರಲ್ಲಿ ಹೊಟ್ಟೆನೋವು, ತಲೆನೋವು, ತಲೆಸುತ್ತು ಎಂದು ಮತ್ತೆ ಮತ್ತೆ ಬರುತ್ತದೆ. ಪ್ರೌಢಾವಸ್ಥೆಯ ನಂತರ ಹುಡುಗಿಯರಲ್ಲಿ ಖಿನ್ನತೆ ಹುಡುಗರ ಸುಮಾರು ಎರಡು ಪಟ್ಟು ಕಾಣುತ್ತದೆ.

ನೋಟ್‌ಬುಕ್ಕುಗಳನ್ನು ಗಮನಿಸಿ. ಜೂನ್‌ನಲ್ಲಿ ಅಂಚು ಬಿಟ್ಟು, ಗೆರೆ ಎಳೆದು ಬರೆದವಳ ಅಕ್ಷರ ಸೆಪ್ಟೆಂಬರ್ ಹೊತ್ತಿಗೆ ಸಣ್ಣದಾಗುತ್ತದೆ. ಬರೆದು ಬರೆದು ಅಳಿಸಿ ಹಾಳೆ ತೂತಾಗಿದೆ. ಆಮೇಲೆ ಉತ್ತರಗಳು ಅರ್ಧಕ್ಕೆ ನಿಂತಿವೆ. ಕೊನೆಗೆ ದಿನಾಂಕ ಮಾತ್ರ ಇದೆ. ಒಂದು ದಿನದ ಬೇಜಾರಿಗೂ ಖಿನ್ನತೆಗೂ ಇರುವ ವ್ಯತ್ಯಾಸ ಹೀಗೆ ಕಾಲದಲ್ಲಿ ತಿಳಿಯುತ್ತದೆ. ಎರಡು ವಾರ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಇದ್ದು, ನಿದ್ದೆ, ಹಸಿವು, ಓದು, ಆಟ ಇವುಗಳನ್ನು ಕೆಡಿಸಿದ್ದರೆ ಕಾಯಬೇಡಿ.

ಈಗ ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಒಂದು ತಪ್ಪಿನ ಬಗ್ಗೆ. ಆತ್ಮಗೌರವ ಕಡಿಮೆ ಇದೆ, ಹಾಗಾದರೆ ಹೊಗಳೋಣ. ಪ್ರಾರ್ಥನೆಯ ಹೊತ್ತಿಗೆ ನಿಲ್ಲಿಸಿ ‘ನಾನು ಶ್ರೇಷ್ಠ, ನಾನು ಗೆಲ್ಲುತ್ತೇನೆ’ ಅಂತ ಹೇಳಿಸೋಣ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವ ಬೆಳೆಸುವುದಕ್ಕೆಂದೇ ಸರ್ಕಾರಿ ಕಾರ್ಯಪಡೆ ಮಾಡಿ ಇದಕ್ಕೆ ದೊಡ್ಡ ಅಲೆ ಎಬ್ಬಿಸಿತು. ಆದರೆ 2009ರಲ್ಲಿ ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದಾಗ, ‘ನಾನು ಪ್ರೀತಿಗೆ ಅರ್ಹ’ ಎಂಬಂಥ ವಾಕ್ಯವನ್ನು ತಮಗೆ ತಾವೇ ಹೇಳಿಕೊಂಡ ಕೀಳರಿಮೆಯ ಜನರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ಯಾಕೆಂದರೆ ಒಳಗಿನಿಂದ ‘ಸುಳ್ಳು’ ಎಂಬ ದನಿ ಏಳುತ್ತದೆ, ಏಳುವ ಪ್ರತಿಸಲವೂ ಆ ದನಿಯೇ ಗಟ್ಟಿಯಾಗುತ್ತದೆ. ಎಡ್ಡಿ ಬ್ರುಮೆಲ್‌ಮನ್ ಎಂಬ ಡಚ್ ಸಂಶೋಧಕರು 2014ರಲ್ಲಿ ತೋರಿಸಿದ್ದೂ ಇದೇ ಬಗೆಯದು: ‘ಅದ್ಭುತ, ಅಸಾಧಾರಣ’ ಎಂದು ಉಬ್ಬಿಸಿ ಹೊಗಳಿದಾಗ, ಆತ್ಮಗೌರವ ಕಡಿಮೆ ಇದ್ದ ಮಕ್ಕಳು ಮುಂದಿನ ಕಷ್ಟದ ಕೆಲಸದಿಂದ ಹಿಂದೆ ಸರಿದರು. ಅಷ್ಟು ಎತ್ತರದಿಂದ ಬೀಳುವ ಭಯ.

ಹಾಗಾದರೆ ಏನು ಮಾಡಬೇಕು? ಸಣ್ಣದು, ನಿಜವಾದದ್ದು, ಕಣ್ಣಿಗೆ ಕಂಡದ್ದು ಹೇಳಿ. ‘ಮೂರನೇ ಲೆಕ್ಕದಲ್ಲಿ ಎರಡು ಸಲ ತಪ್ಪಿದರೂ ಬಿಡದೆ ಮಾಡಿದೆ, ನೋಡಿದೆ’. ಇದನ್ನು ಆ ಮಗು ಅಲ್ಲಗಳೆಯುವಂತಿಲ್ಲ, ಪುಸ್ತಕದಲ್ಲೇ ಇದೆ. ಎಲ್ಲರ ಮುಂದೆ ಬೇಡ, ಪುಸ್ತಕ ಹಿಂದಿರುಗಿಸುವಾಗ ಮೆಲ್ಲಗೆ. ಮತ್ತೆ, ಕೆಲಸ ಕೊಡಿ. ಲೈಬ್ರರಿಯ ಬೀಗ, ಪ್ರಯೋಗಾಲಯದ ಸಾಮಾನಿನ ಲೆಕ್ಕ, ಬಿಸಿಯೂಟದ ಸಾಲು. ನಿನ್ನನ್ನು ನಂಬಿದ್ದೇವೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಬೀಗದ ಕೈ ಕೊಡುವುದು ಹೆಚ್ಚು. ಒಂದು ದಿನ ಬೀಗ ಹಾಕಲು ಮರೆತರೆ ಕಿತ್ತುಕೊಳ್ಳಬೇಡಿ. ‘ನೀನು ಕೆಲಸಕ್ಕೆ ಬಾರದವನು’ ಎಂಬ ಮನೆಯ ಮಾತಿಗೆ ಅದು ಸಾಕ್ಷಿಯಾಗಿಬಿಡುತ್ತದೆ. ನಾಳೆ ಮತ್ತೆ ಕೊಡಿ.

ಆದರೆ ಒಂದು ಎಚ್ಚರ. ಮನೆಯಲ್ಲಿ ಹೊಡೆತ ನಡೆಯುತ್ತಲೇ ಇರುವಾಗ ಮಗುವಿನ ಆತ್ಮಗೌರವವನ್ನಷ್ಟೇ ತಿದ್ದಲು ಹೊರಡುವುದು ಅನ್ಯಾಯ. ತಪ್ಪು ನಿನ್ನೊಳಗಿದೆ ಎಂದು ನಾವೂ ಹೇಳಿದ ಹಾಗಾಗುತ್ತದೆ. ಮೊದಲು ಸುರಕ್ಷತೆ.

ಮಗು ಹೇಳಿಕೊಳ್ಳಲು ಬಂದಾಗ ಜಾಗ ನೋಡಿಕೊಳ್ಳಿ: ನಾಲ್ಕು ಜನರ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು. ವರಾಂಡದ ಕೊನೆ, ಮೈದಾನದ ಕಲ್ಲುಬೆಂಚು. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡಿ. ಅದನ್ನು ಮುರಿಯಬೇಕಾಗಿ ಬಂದ ದಿನ ಆ ಮಗು ಇನ್ಯಾವ ದೊಡ್ಡವರನ್ನೂ ನಂಬುವುದಿಲ್ಲ. ‘ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ’ ಎನ್ನಿ. ‘ಯಾಕೆ ಸುಮ್ಮನಿದ್ದೆ’, ‘ನೀನೇನು ಮಾಡಿದ್ದೆ’ ಈ ಎರಡು ಪ್ರಶ್ನೆ ಬೇಡ, ಎರಡೂ ದೋಷವನ್ನು ಮಗುವಿನ ಮೇಲೆ ಹಾಕುತ್ತವೆ. ಕೇಳಿ ಮುಗಿದ ಮೇಲೆ ಒಂದು ಮಾತನ್ನು ಮುಖ ನೋಡಿ ಸ್ಪಷ್ಟವಾಗಿ ಹೇಳಿ: ‘ಇದು ನಿನ್ನಿಂದ ಆದದ್ದಲ್ಲ.’ ಒಂದು ಸಲ ಹೇಳಿದರೆ ಅದು ಇಳಿಯುವುದಿಲ್ಲ. ಮುಂದಿನ ವಾರವೂ ಹೇಳಬೇಕು.

ಅತ್ಯಂತ ಹೆಚ್ಚು ಹಾನಿ ಮಾಡುವ ತಪ್ಪು ಯಾವುದು ಗೊತ್ತೇ? ಮರುದಿನವೇ ಅಪ್ಪನನ್ನು ಕರೆಸಿ, ‘ನಿಮ್ಮ ಮಗಳು ಹೀಗೆ ಹೇಳಿದಳು, ಹೌದಾ?’ ಎಂದು ಕೇಳುವುದು. ಅವರು ಆಫೀಸು ರೂಮಿನಲ್ಲಿ ಕೈಮುಗಿದು ‘ಇಲ್ಲ ಸರ್, ಮಕ್ಕಳು ಏನೋ ಹೇಳ್ತಾವೆ’ ಅನ್ನುತ್ತಾರೆ. ಆ ರಾತ್ರಿಯ ಹೊಡೆತ ನಿಮ್ಮ ಪ್ರಶ್ನೆಯ ಉತ್ತರ. ಅಮ್ಮನನ್ನು ಬೇರೆ ಕಾರಣ ಹೇಳಿ ಒಬ್ಬರನ್ನೇ ಕರೆಸಿ ಮಾತಾಡಿ, ವಿದ್ಯಾರ್ಥಿವೇತನದ ಅರ್ಜಿ, ಟಿ.ಸಿ. ಕಾಗದ, ಏನಾದರೂ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಆಕೆಗೆ ಮನೆಯಲ್ಲಿ ಉಳಿಯುವ ಹಕ್ಕು, ರಕ್ಷಣಾ ಆದೇಶ, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲಕ್ಕೂ ಅವಕಾಶವಿದೆ. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಗಳಿವೆ, ಜಿಲ್ಲೆಯಲ್ಲಿ ಸಖಿ ಕೇಂದ್ರವಿದೆ, 181 ಮಹಿಳಾ ಸಹಾಯವಾಣಿ. ಅಪ್ಪನ ಮೇಲೆ ಕೇಸು ಹಾಕಬೇಕಾ ಎಂಬ ಭಯಕ್ಕೇ ಅನೇಕರು ಹೆಜ್ಜೆ ಇಡುವುದಿಲ್ಲ. ಮೊದಲ ಭೇಟಿ ಸಲಹೆಗಾಗಿ ಮಾತ್ರ ಇರಬಹುದು, ಅದನ್ನು ಅವರಿಗೆ ಹೇಳಿ.

ಮಗುವಿಗೇ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆ ನಿಮಗಿದೆ. ವಿಚಾರಣೆ ನೀವು ಮಾಡಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಸಮಯ ಹಾಕಿ ಬರೆದಿಡಿ. ಹೆಡ್‌ಮಾಸ್ಟರ್ ಒಮ್ಮೆ, ಕ್ಲಾಸ್ ಟೀಚರ್ ಒಮ್ಮೆ, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಒಮ್ಮೆ ಅದನ್ನೇ ಹೇಳಿಸಿದರೆ ಮಗು ಪ್ರತಿಸಲವೂ ಅದನ್ನು ಅನುಭವಿಸುತ್ತದೆ.

ಸಾವಿನ ಯೋಚನೆಯ ಬಗ್ಗೆ ಕೇಳಲು ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ‘ಬದುಕೇ ಬೇಡ ಅಂತ ಅನ್ನಿಸಿದೆಯಾ?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಹೌದು ಎಂದರೆ ಅವತ್ತೇ ಕೆಲಸ: ಮಗುವನ್ನು ಒಂಟಿಯಾಗಿ ಬಿಡಬೇಡಿ, ಹಿಂಸೆ ಮಾಡದ ಒಬ್ಬ ಹಿರಿಯರಿಗೆ ತಿಳಿಸಿ, ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ಹೊಡೆಯುವ ಔಷಧಿಗಳನ್ನು ಬೀಗದೊಳಗೆ ಅಥವಾ ಬೇರೆ ಮನೆಗೆ ಸಾಗಿಸಲು ಹೇಳಿ, ವೈದ್ಯರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಾಗುತ್ತದೆ ಎಂದು ಮುಚ್ಚಿಡುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಚಿಕಿತ್ಸೆಯ ವಿಷಯ ಬೇಗ ಹೇಳುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಅಮೆರಿಕದಲ್ಲಿ ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ನಂತರ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಮಾತ್ರೆ ಮತ್ತು ಆಲೋಚನೆ ತಿದ್ದುವ ಮಾತಿನ ಚಿಕಿತ್ಸೆ ಎರಡೂ ಪಡೆದವರಲ್ಲಿ ಶೇ. 71ರಷ್ಟು ಮಂದಿ ಸುಧಾರಿಸಿದರು. ಮಾತ್ರೆಯೊಂದೇ ಪಡೆದವರಲ್ಲಿ ಶೇ. 61, ಮಾತಿನ ಚಿಕಿತ್ಸೆಯೊಂದೇ ಪಡೆದವರಲ್ಲಿ ಶೇ. 43, ಹುಸಿ ಮಾತ್ರೆ ಪಡೆದವರಲ್ಲಿ ಶೇ. 35. ಮಾತ್ರೆ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ‘ಹತ್ತು ದಿನ ಕೊಟ್ಟೆವು, ಏನೂ ಆಗಲಿಲ್ಲ’ ಎಂದು ಮನೆಯವರು ನಿಲ್ಲಿಸುವುದು, ಗುಣ ಕಂಡ ಕೂಡಲೇ ನಿಲ್ಲಿಸುವುದು, ಎರಡೂ ಸಾಮಾನ್ಯ ತಪ್ಪುಗಳು. ಸುಧಾರಿಸಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ. ಶುರುವಿನ ಕೆಲವು ವಾರ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಬಹುದು, ಆಗ ದೊಡ್ಡವರ ಕಣ್ಣು ಹೆಚ್ಚು ಬೇಕು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ಮಾನಸಿಕ ಕಾಯಿಲೆಯ ಮನೆಗಳಲ್ಲಿ ಬೆಳೆದು ಹೆಚ್ಚು ಅಪಾಯದಲ್ಲಿದ್ದ ಮಕ್ಕಳ ಪೈಕಿ ಮೂರರಲ್ಲೊಂದು ಪಾಲು ಗಟ್ಟಿಯಾದ, ಇನ್ನೊಬ್ಬರಿಗಾಗಿ ಮಿಡಿಯುವ ವಯಸ್ಕರಾದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡದ್ದು, ಅವರನ್ನು ಬಿಟ್ಟುಕೊಡದೆ ಇದ್ದ ಒಬ್ಬ ಹಿರಿಯ ಜೀವ. ಅಜ್ಜಿ, ಚಿಕ್ಕಪ್ಪ, ನೆರೆಮನೆಯವರು. ಎಷ್ಟೋ ಜನರಿಗೆ ಮೇಷ್ಟ್ರು.

ಕೊನೆಯದಾಗಿ, ಚಿಕಿತ್ಸೆಗೆ ಹೋಗಿ ಮೂರು ವಾರದ ನಂತರ ಮಗು ತರಗತಿಗೆ ಹಿಂದಿರುಗುವ ದಿನದ ಬಗ್ಗೆ. ಎಲ್ಲರ ಮುಂದೆ ‘ಈಗ ಹೇಗಿದ್ದೀಯಾ?’ ಎಂದು ಕೇಳಬೇಡಿ. ಮೊದಲು ಕೂರುತ್ತಿದ್ದ ಜಾಗವನ್ನೇ ಖಾಲಿ ಇಟ್ಟಿರಿ. ತಪ್ಪಿಹೋದ ಪಾಠಗಳ ನೋಟ್ಸನ್ನು ಒಬ್ಬ ಗೆಳತಿಗೆ ಹೇಳಿ ಬರೆಸಿಟ್ಟಿರಿ. ಮೊದಲ ವಾರ ಹೋಮ್‌ವರ್ಕ್ ಅರ್ಧ ಸಾಕು. ಹಾಜರಿ ಕೂಗುವಾಗ ಆ ಹೆಸರನ್ನು ಉಳಿದ ಹೆಸರುಗಳಂತೆಯೇ ಕೂಗಿ, ‘ಎಸ್ ಮಿಸ್’ ಎಂಬ ಉತ್ತರ ಬರುವವರೆಗೆ ಕಾಯಿರಿ. ಲೈಬ್ರರಿಯ ಬೀಗದ ಕೈ ಇನ್ನೂ ಅವಳದೇ ಎಂದು ಹೇಳಿ.